ಎರೆ ಹೊಲದ ಎರ್ಲಡ್ಡು



ಇವತ್ತು ಒಂದು ಹಕ್ಕಿಯ ಮಾತು. ಹೆಸರು ಎರ್ಲಡ್ಡು. ಎರೆಭೂತ ಅಂತಲೂ ಕರೀತಾರ. ಎರೆ ಅಂದರೆ ನಮ್ಮ ಕರಿಮಣ್ಣು. ಹೆದರಬೇಡ್ರಿ, ಇದು ಭೂತ ಅಲ್ಲ. ಆದ್ರ ಈಗ ಕಂಡಿತು ಅನ್ನೋದ್ರಾಗ ಹುಲ್ಲಿನಲ್ಲಿ ಮಾಯ ಆಗ್ತೈತಿ.

ಸಣ್ಣ ಹಕ್ಕಿ ಅಂತ ತಿಳೀಬೇಡ್ರಿ. ಎತ್ತರ ಸುಮಾರು ಒಂದು ಮೀಟರ್. ನಾಲ್ಕು ವರ್ಷದ ಕೂಸಿನಷ್ಟು. ಗಂಡು ಹಕ್ಕಿ 15 ಕಿಲೋ ತನಕ ತೂಗುತ್ತದೆ. ಬೆನ್ನು ಕಂದು, ಕುತ್ತಿಗೆ ಬಿಳಿ. ಕಾಲಿಗೆ ಮೂರೇ ಬೆರಳು, ಹಿಂದಿನ ಬೆರಳಿಲ್ಲ. ಅದಕ್ಕೇ ಮರದ ಟೊಂಗೆ ಹಿಡಿದು ಕೂಡಲಾರದು. ನೆಲವೇ ಅದರ ಮನೆ. ಮಿಡತೆ, ಹುಳ, ಹಲ್ಲಿ, ಬಾರಿಹಣ್ಣು, ಶೇಂಗಾ, ಜೋಳ ತಿನ್ನುತ್ತದೆ. ಮಿಡತೆ ತಿಂದರೆ ಲಾಭ ಯಾರಿಗೆ ಅಂತ ನೀವೇ ಹೇಳ್ರಿ.

ಕೂಡುವ ಕಾಲಕ್ಕೆ ಗಂಡು ಕುತ್ತಿಗೆಯ ಚೀಲದಲ್ಲಿ ಗಾಳಿ ತುಂಬಿಕೊಂಡು ಹೂಂಕರಿಸುತ್ತದೆ. ಆ ಸದ್ದು ದೂರ ಕೇಳುತ್ತದೆ. ಅಲ್ಲಿಗೆ ಗಂಡಿನ ಕೆಲಸ ಮುಗೀತು. ನಗಬೇಡ್ರಿ! ಮುಂದಿನ ಭಾರ ಎಲ್ಲ ತಾಯಿಯದೇ. ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಸುಮಾರು 27 ದಿನ ಒಬ್ಬಳೇ ಕಾವು ಕೊಡುತ್ತಾಳೆ. ಯಾರಾದರೂ ಹತ್ತಿರ ಬಂದರೆ ಕಾಲು ಇಳಿಬಿಟ್ಟು, ಓರೆಕೋರೆಯಾಗಿ ಕೆಳಗೇ ಹಾರಿ, ಅವರನ್ನು ಬೇರೆ ಕಡೆ ಸೆಳೆಯುತ್ತಾಳೆ. ನಾಯಿ ತುಳಿದರೆ, ಕುರಿ ತುಳಿದರೆ, ಆ ಒಂದು ಮೊಟ್ಟೆಯೂ ಹೋಯಿತು.

ಕಳೆ ತೆಗೆಯುವಾಗ ಕಣ್ಣಿಗೆ ಬಿದ್ದರೆ ಮುಟ್ಟಬೇಡ್ರಿ. ಕೂಡಲೇ ದೂರ ಸರಿಯಿರಿ. ಅರಣ್ಯ ಇಲಾಖೆಯವರಿಗೆ ತಿಳಿಸಿರಿ. 1972ರ ಕಾನೂನಿನ ಪ್ರಕಾರ ಇದನ್ನು ಹೊಡೆಯುವುದು ದೊಡ್ಡ ಅಪರಾಧ.

ಕಾಡು ಅಂದರೆ ನಾವು ಮರ ಅಂತೀವಿ. ಇದಕ್ಕೆ ಬಯಲೇ ಕಾಡು. ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ಮೊದಲು ಎರ್ಲಡ್ಡು ಇತ್ತು. 1974ರಲ್ಲಿ ಅದು ಕೃಷ್ಣಮೃಗಗಳ ಅಭಯಾರಣ್ಯ ಆಯಿತು. ಆದರೆ ಅಲ್ಲಿ ನೀಲಗಿರಿ ಮರ ಬೆಳೆಸಿದ್ದರು. ಬಯಲು ಮುಚ್ಚಿತು, ಹಕ್ಕಿ ಹೋಯಿತು. ಶಾಲೆಯಲ್ಲಿ ನಾನೂ ಮಕ್ಕಳ ಕೈಲಿ ಗಿಡ ನೆಡಿಸುತ್ತೇನೆ, ಬೇಡ ಅನ್ನಲ್ಲ. ಎಲ್ಲಿ ನೆಡಬೇಕು ಅನ್ನೋದು ಮುಖ್ಯ.

ನಮ್ಮ ಕಡೆ ಆದದ್ದು ಬೇರೆ. ತುಂಗಭದ್ರಾ ಕಾಲುವೆ ನೀರು ಸಿಂಧನೂರಿಗೆ ಬಂತು. ಜೋಳದ ಹೊಲ ಭತ್ತದ ಗದ್ದೆ ಆಯಿತು. ನಮ್ಮ ಹೊಟ್ಟೆ ತುಂಬಿತು. ಅದನ್ನು ತಪ್ಪು ಅನ್ನಲು ಬಾಯಿ ಬರಲ್ಲ. ಆದರೆ ನೀರು ನಿಂತ ಗದ್ದೆಯಲ್ಲಿ ಎರ್ಲಡ್ಡು ಮೊಟ್ಟೆ ಎಲ್ಲಿಡಬೇಕು?

ಹೊಳೆ ದಾಟಿದರೆ ಸಿರುಗುಪ್ಪ. ಅಲ್ಲಿನ ಒಣ ಬೇಸಾಯದ ಎರೆ ಹೊಲಗಳಲ್ಲಿ ಈಚಿನ ವರ್ಷಗಳವರೆಗೂ ಇವು ಕಂಡಿವೆ, ಬೆರಳೆಣಿಕೆಯಷ್ಟು. ಉಳಿದವು ಹೆಚ್ಚಾಗಿ ದೂರದ ರಾಜಸ್ಥಾನದಲ್ಲಿ. ಅಲ್ಲಿ ಕರೆಂಟಿನ ತಂತಿಗೆ ಬಡಿದು ಸಾಯುತ್ತವೆ. ಕಣ್ಣು ಪಕ್ಕಕ್ಕೆ ಇರುವುದರಿಂದ ಎದುರಿನ ತಂತಿ ಸರಿಯಾಗಿ ಕಾಣದು. ಮೈ ಭಾರ, ಫಕ್ಕನೆ ತಿರುಗಲೂ ಆಗದು. ಈಗ ಜೈಸಲ್ಮೇರಿನಲ್ಲಿ ಮೊಟ್ಟೆಗೆ ಯಂತ್ರದಿಂದ ಕಾವು ಕೊಟ್ಟು ಮರಿ ಬೆಳೆಸುತ್ತಿದ್ದಾರೆ, ಕೋಳಿ ಫಾರಂನಲ್ಲಿ ಮಾಡಿದ ಹಾಗೆ.

ನಿಮ್ಮ ಮನೆಯಲ್ಲಿ ಹಿರಿಯರು ಇದ್ದರೆ ಎರ್ಲಡ್ಡು ನೋಡೀರೇನು ಅಂತ ಕೇಳಿರಿ. ಎಲ್ಲಿ, ಯಾವ ಹೊಲದಲ್ಲಿ ಅಂತಲೂ ಕೇಳಿರಿ. ಅವರು ಹೇಳಿದ್ದನ್ನು ನಾಳೆ ಪಾಟಿಯ ಮೇಲೆ ಬರೆದು ತರ್ರಿ.