ಹೇಳಲು ನಾಚುವ ಮಾತು
(ಸಂಘದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ರಜೆ, ಬೋನಸ್ಸುಗಳ ಮಾತನ್ನು ಇಲ್ಲಿ ಬಹಳ ಸಲ ಆಡಿದ್ದೇವೆ. ಇಂದು ಆಡಬೇಕಾದುದು ಮಲದ ಮಾತು. ನಗಬೇಡಿ. ದಿನಾಲೂ ನೂರಾರು ಜನರ ಹೊಟ್ಟೆ ತುಂಬಿಸುವ ನಾವು ನಮ್ಮ ಹೊಟ್ಟೆಯ ಸಂಗತಿ ಹೇಳಲು ನಾಚುತ್ತೇವೆ. ಆ ನಾಚಿಕೆ ನಮ್ಮವರೊಬ್ಬರನ್ನು ತಿಂದುಹಾಕಿತು.

ಅವರು ನಮ್ಮ ಜೊತೆ ದೋಸೆಕಲ್ಲಿನ ಮುಂದೆ ನಿಂತು ದುಡಿದ ಹಿರಿಯ ಭಟ್ಟರು. ಮಲದಲ್ಲಿ ರಕ್ತ ಕಂಡಾಗ ಉಷ್ಣವೆಂದು ಮಜ್ಜಿಗೆ ಕುಡಿದರು. ಆಮೇಲೆ ಮೂಲವ್ಯಾಧಿಯೆಂದು ಯಾವುದೋ ಪುಡಿ ತಿಂದರು. ಹನ್ನೆರಡು ಮಂದಿಯ ಖೋಲಿ, ಒಂದೇ ಪಾಯಿಖಾನೆ, ಹೊರಗೆ ಕಾಯುವವರ ಸಾಲು. ಯಾರಿಗೆ ಹೇಳುವುದು? ರಜೆ ಹಾಕಿದರೆ ಕೂಲಿ ಹೋಗುವ ಭಯ ಬೇರೆ. ಒಂದೂವರೆ ವರ್ಷ ಕಳೆದು ದವಾಖಾನೆಗೆ ಹೋದಾಗ ದೊಡ್ಡ ಕರುಳಿನ ಕ್ಯಾನ್ಸರು ಪಿತ್ತಜನಕಾಂಗಕ್ಕೂ ಹರಡಿತ್ತು.

ನಾವು ಏಳನೇ ಇಯತ್ತೆಯವರೆಗೆ ಓದಿದವರು. ಡಾಕ್ಟರರಿಂದ ಕೇಳಿ ತಿಳಿದುದನ್ನೇ ಹೇಳುತ್ತೇವೆ. ಈ ರೋಗ ಹೆಚ್ಚಾಗಿ ಕರುಳಿನ ಒಳಗೋಡೆಯ ಸಣ್ಣ ಗಂಟಿನಿಂದ ಸುರುವಾಗುತ್ತದೆ. ಎಲ್ಲ ಗಂಟೂ ಕ್ಯಾನ್ಸರಾಗುವುದಿಲ್ಲ. ಆಗುವುದಕ್ಕೂ ಸಾಮಾನ್ಯವಾಗಿ ಹಲವು ವರ್ಷ ಬೇಕು. ಆ ಕಾಲದಲ್ಲಿ ಕಣ್ಣಿಗೆ ಕಾಣದಷ್ಟು ರಕ್ತ ಆಗಾಗ ಜಿನುಗುವುದುಂಟು. ಅದನ್ನು ಹಿಡಿಯುವ ಪರೀಕ್ಷೆಗೆ 'ಫಿಟ್' ಎಂದು ಹೆಸರು.

ಇದನ್ನು ಮನೆಯಲ್ಲೇ ಮಾಡಬಹುದು. ಪಾಯಿಖಾನೆಯಲ್ಲಿ ಕಾಗದ ಹಾಸಿ, ನೀರು, ಮೂತ್ರ ತಾಗದಂತೆ ಮಲ ಹಿಡಿಯಬೇಕು. ಕೊಟ್ಟ ಕಡ್ಡಿಯಿಂದ ಅಲ್ಲಲ್ಲಿ ಗೀರಿ, ಕಡ್ಡಿಯನ್ನು ಸಣ್ಣ ಕೊಳವೆಗೆ ಸೇರಿಸಿ ಮುಚ್ಚಿ, ಹೆಸರು, ತಾರೀಖು ಬರೆದು ಬೇಗ ತಲುಪಿಸಬೇಕು. ಮನುಷ್ಯರಕ್ತವನ್ನು ಮಾತ್ರ ಗುರುತಿಸುವುದರಿಂದ ಪಥ್ಯ ಬೇಡ.

ಇಂಗ್ಲೆಂಡಿನಲ್ಲಿ 2006ರಿಂದ ಸರಕಾರವೇ ಪರೀಕ್ಷೆಯ ಸಾಮಾನನ್ನು ಟಪಾಲಿನಲ್ಲಿ ಕಳಿಸುತ್ತಿದೆ. ಮೂರು ಸಲದ ಮಲ ಕೇಳುತ್ತಿದ್ದ ಹಳೆಯ ಪರೀಕ್ಷೆಯ ಬದಲು 2019ರಲ್ಲಿ ಫಿಟ್ ಬಂತು. ಈಗ 50ರಿಂದ 74 ವಯಸ್ಸಿನವರಿಗೆ ಎರಡು ವರ್ಷಕ್ಕೊಮ್ಮೆ ಅದು ಮನೆಗೆ ಬರುತ್ತದೆ. ನಮ್ಮ ಸರಕಾರದ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠಗಳು ಸೇರಿವೆ, ಕರುಳು ಸೇರಿಲ್ಲ. ಆದುದರಿಂದ ಐವತ್ತು ಸಮೀಪಿಸಿದವರು ಡಾಕ್ಟರರನ್ನು ತಾವಾಗಿಯೇ ಕೇಳಬೇಕು. ಮನೆತನದಲ್ಲಿ ಈ ರೋಗವಿದ್ದವರು ಇನ್ನೂ ಮೊದಲೇ ಕೇಳಬೇಕು.

ಮೂರು ಮಾತು ನೆನಪಿಡಿ. ಒಂದು, ರಕ್ತ ಸಿಕ್ಕಿತೆಂದರೆ ಕ್ಯಾನ್ಸರೆಂದೇ ಅರ್ಥವಲ್ಲ; ಮೂಲವ್ಯಾಧಿಯೂ ಇರಬಹುದು. ಆದರೆ ಕ್ಯಾಮರಾದ ಕೊಳವೆ ಹಾಕಿ ಕರುಳು ನೋಡಿಸಲೇಬೇಕು. ಗಂಟು ಸಿಕ್ಕಿದರೆ ಹೆಚ್ಚಾಗಿ ಆಗಲೇ ತೆಗೆಯುತ್ತಾರೆ. ಎರಡು, ರಕ್ತ ಸಿಗದಿದ್ದರೆ ಅದು ಜೀವಮಾನದ ಪರವಾನಗಿಯಲ್ಲ. ಮೂರು, ಕಣ್ಣಿಗೇ ರಕ್ತ ಕಂಡರೆ, ವಾರಗಟ್ಟಲೆ ಮಲದ ರೀತಿ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ, ಮನೆಪರೀಕ್ಷೆಗೆ ಕಾಯದೆ, ವಯಸ್ಸು ನೋಡದೆ ಡಾಕ್ಟರರ ಬಳಿ ಹೋಗಿ.

ತಪಾಸಣೆಯ ದಿನಕ್ಕೆ ಕೂಲಿ ಸಹಿತ ರಜೆ ಬೇಕೆಂದು ನಮ್ಮ ಬೇಡಿಕೆಗಳಲ್ಲಿ ಸೇರಿಸೋಣ. ಒಬ್ಬರೇ ಹೋಗಲು ಹೆದರುವವರು ಕಚೇರಿಗೆ ಬನ್ನಿ, ನಾವು ಜೊತೆಗೆ ಬರುತ್ತೇವೆ.

ಭಟ್ಟರನ್ನು ಕೊನೆಯ ಸಲ ನೋಡಲು ಹೋದಾಗ ಅವರೆಂದರು: "ಒಬ್ಬನಾದರೂ ಕೇಳಿದ್ದರೆ ಹೇಳುತ್ತಿದ್ದೆ ಮಾರಾಯ." ಅಂದು ನಾವು ಕೇಳಲಿಲ್ಲ. ಇಂದು ನಿಮ್ಮೆಲ್ಲರನ್ನೂ ಕೇಳುತ್ತಿದ್ದೇವೆ.