ಮೊದಲ ಎರಡು ವರ್ಷದ ಗಂಜಿಗೆ ಯಾರು?

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಹೋದ ವಾರ ತುಮಕೂರು ಜಿಲ್ಲೆಯಿಂದ ಒಬ್ಬ ರೈತರು ಫೋನ್ ಮಾಡಿದ್ರು. "ಸಾರ್, ನಿಮ್ಮ ಪ್ರೋಗ್ರಾಂ ನೋಡಿ ಗೊಬ್ಬರ, ಔಷಧಿ ಎಲ್ಲಾ ಬಿಟ್ಟೆ. ಒಂದು ವರ್ಷ ಆಯ್ತು. ಈಗ ಸರ್ಟಿಫಿಕೇಟ್ ಕೇಳೋಕೆ ಹೋದ್ರೆ, ನಿಮ್ಮ ಲೆಕ್ಕ ಇವತ್ತಿಂದ ಶುರು ಅಂತಾರೆ. ಹೋದ ವರ್ಷ ನಾನು ಮಾಡಿದ್ದು ಏನು ಹಂಗಾದ್ರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕಂದ್ರೆ ಆ ಕಾರ್ಯಕ್ರಮದಲ್ಲಿ ಜೀವಾಮೃತ ತೋರಿಸಿದ್ದೆವು. ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು, ಎಲ್ಲವನ್ನೂ ಡ್ರಮ್ಮಿನಲ್ಲಿ ಕಲಕಿ ತೋರಿಸಿದ್ದೆವು. 'ಲಕ್ಷ ಲಕ್ಷ ಆದಾಯ' ಅಂತ ಕೆಳಗೆ ಪಟ್ಟಿ ಓಡಿಸಿದ್ದೆವು. ಮೊದಲು ಹೆಸರು ನೋಂದಾಯಿಸಿ ಅನ್ನೋ ಒಂದು ಮಾತು ಹೇಳಿರಲಿಲ್ಲ.

ನಿಯಮ ಇಷ್ಟು. ದೇಶದ ಸಾವಯವ ಪ್ರಮಾಣೀಕರಣಕ್ಕೆ 2001ರಿಂದ ಎನ್‌ಪಿಒಪಿ ಅನ್ನೋ ರಾಷ್ಟ್ರೀಯ ಕಾರ್ಯಕ್ರಮ ಇದೆ. ರಾಗಿ, ತೊಗರಿಯಂಥ ಬೆಳೆಗೆ ಬಿತ್ತನೆಗೆ ಮುಂಚೆ ಎರಡು ವರ್ಷ, ತೆಂಗು, ಅಡಿಕೆಯಂಥದ್ದಕ್ಕೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ಪರಿವರ್ತನೆಯ ಅವಧಿ. ಸಾಮಾನ್ಯವಾಗಿ ಈ ಗಡಿಯಾರ ಓಡೋದು ಸಂಸ್ಥೆಯಲ್ಲಿ ಹೆಸರು ಬರೆಸಿದ ದಿನದಿಂದ, ನೀವು ಯೂರಿಯಾ ಬಿಟ್ಟ ದಿನದಿಂದ ಅಲ್ಲ. ಬೀಜ ಎಲ್ಲಿಂದ ತಂದ್ರಿ, ಗೊಬ್ಬರ ಯಾವಾಗ ಹಾಕಿದ್ರಿ, ಯಾರಿಗೆ ಮಾರಿದ್ರಿ, ಎಲ್ಲಾ ಪುಸ್ತಕದಲ್ಲಿ ಇರಬೇಕು. ಪಕ್ಕದ ಹೊಲದವನು ಔಷಧಿ ಹೊಡೆದರೆ ಅದು ಗಾಳಿಯಲ್ಲಿ ಬರದಂತೆ ಬದುವಿನ ಪಕ್ಕ ಜಾಗ ಬಿಡಬೇಕು. ಇವರ ಪಕ್ಕದ ಹೊಲ ದೊಡ್ಡಪ್ಪನ ಮಗನದು. ಮಾತು ಬಿಟ್ಟು ಎಷ್ಟೋ ವರ್ಷ ಆಗಿದೆಯಂತೆ! ಈಗ ಬದುವಿಗಾಗಿ ಮತ್ತೆ ಅವನ ಮನೆ ಬಾಗಿಲಿಗೆ ಹೋಗಬೇಕು.

ಸರಿ, ಕಾಗದ ಬಿಡಿ. ಹೊಟ್ಟೆಯ ಲೆಕ್ಕ ನೋಡೋಣ. ಎಕರೆಗೆ ಹತ್ತು ಕ್ವಿಂಟಾಲ್ ಬರ್ತಿದ್ದ ರಾಗಿ ಇವರಿಗೆ ಆರಕ್ಕೆ ಇಳಿಯಿತು. 2023-24ರ ಬೆಂಬಲ ಬೆಲೆ 3,846 ರೂಪಾಯಿಯಲ್ಲಿ ಹಿಡಿದರೂ ನಾಲ್ಕು ಕ್ವಿಂಟಾಲ್ ಅಂದ್ರೆ 15 ಸಾವಿರ ದಾಟುತ್ತೆ. ಗೊಬ್ಬರದ ದುಡ್ಡು ಉಳೀತಲ್ಲ ಅಂತೀರಾ? ಉಳೀತು. ಕಳೆ ಕೀಳೋ ಕೂಲಿಗೆ ಹೋಯ್ತು. ಮಂಡಿಯಲ್ಲಿ ಮಾತ್ರ ಎಲ್ಲರ ರಾಗಿಗೂ ಒಂದೇ ರೇಟು.

ಸರ್ಕಾರ ಏನೂ ಕೊಡಲ್ಲ ಅಂತ ನಾನು ಹೇಳಲ್ಲ. 2015ರಲ್ಲಿ ಪರಂಪರಾಗತ ಕೃಷಿ ವಿಕಾಸ ಯೋಜನೆ ಬಂತು. ಗುಂಪಿನಲ್ಲಿ ಸೇರಿದ ರೈತನಿಗೆ ಮೂರು ವರ್ಷಕ್ಕೆ ಹೆಕ್ಟೇರಿಗೆ 31 ಸಾವಿರ ನೇರ ಖಾತೆಗೆ ಅನ್ನೋ ಲೆಕ್ಕ ಅದರಲ್ಲಿತ್ತು. ಎಕರೆಗೆ ಇಳಿಸಿ, ವರ್ಷಕ್ಕೆ ಭಾಗ ಮಾಡಿ. ನಾಲ್ಕು ಸಾವಿರದ ಆಸುಪಾಸು. ಹೋಗಿದ್ದು ಹದಿನೈದು, ಬಂದಿದ್ದು ನಾಲ್ಕು. ಮನೆಯಲ್ಲಿ ಓದೋ ಮಕ್ಕಳಿದ್ದರೆ ಎರಡನೇ ವರ್ಷದ ಮುಂಗಾರಿಗೆ ಆ ರೈತ ಯೂರಿಯಾ ಚೀಲ ತರೋದಿಲ್ಲ ಅಂತ ಯಾರು ಹೇಳ್ತಾರೆ? ತಂದರೆ ಮತ್ತೆ ಒಂದರಿಂದ ಎಣಿಕೆ.

ಪಿಜಿಎಸ್ ಅಂತ ಇನ್ನೊಂದು ದಾರಿ ಇದೆ. ರೈತರೇ ಗುಂಪು ಕಟ್ಟಿಕೊಂಡು ಒಬ್ಬರ ಹೊಲ ಇನ್ನೊಬ್ಬರು ನೋಡಿ ಸಹಿ ಹಾಕೋದು. ಖರ್ಚು ಕಮ್ಮಿ. ವಿದೇಶಕ್ಕೆ ಕಳಿಸೋಕೆ ಅದು ನಡೆಯಲ್ಲ, ಆದರೆ ಮೂರು ಎಕರೆಯವನು ಯಾವ ವಿದೇಶಕ್ಕೆ ಕಳಿಸಬೇಕು ಹೇಳಿ. ಅದರಲ್ಲಿ ಪರಿವರ್ತನೆಯಲ್ಲಿರೋ ಬೆಳೆಗೆ 'ಪಿಜಿಎಸ್ ಗ್ರೀನ್' ಅಂತ ಗುರುತು, ಅವಧಿ ಮುಗಿದ ಮೇಲೆ 'ಪಿಜಿಎಸ್ ಆರ್ಗ್ಯಾನಿಕ್'. ಬೆಂಗಳೂರಲ್ಲಿ ಸಾವಯವ ಅಂಗಡಿಗೆ ಹೋಗೋ ನಾವು ಎರಡನೆಯದನ್ನ ಮಾತ್ರ ಹುಡುಕ್ತೀವಿ. ನಾನೂ ಹಂಗೇ. ಗ್ರೀನ್ ಅಂದ್ರೆ ಏನು ಅಂತ ನನಗೆ ಗೊತ್ತಾಗಿದ್ದೇ ಈ ಫೋನ್ ಬಂದ ಮೇಲೆ. ವಿಷ ಬಿಟ್ಟು, ನಷ್ಟ ತಿಂದು ಬೆಳೆದ ರಾಗಿ ಅದು. ಅದಕ್ಕೆ ಕೆಜಿಗೆ ಐದು ರೂಪಾಯಿ ಜಾಸ್ತಿ ಕೊಟ್ಟರೆ, ಆರು ಕ್ವಿಂಟಾಲಿಗೆ ಮೂರು ಸಾವಿರ ಆಗುತ್ತೆ. ನಷ್ಟ ಪೂರ್ತಿ ತುಂಬಲ್ಲ. ಕಳೆ ಕೂಲಿಗಾದರೂ ಆಗುತ್ತೆ.

ಆ ರೈತರಿಗೆ ನಿನ್ನೆ ನಾನೇ ಫೋನ್ ಮಾಡಿದೆ. ಗುಂಪು ಕಟ್ಟೋಕೆ ಊರಲ್ಲಿ ನಾಲ್ಕು ಜನ ಸಿಕ್ಕಿದ್ದಾರಂತೆ, ಇನ್ನೊಬ್ಬರು ಬೇಕಂತೆ. ದೊಡ್ಡಪ್ಪನ ಮಗನನ್ನ ಕೇಳಿದ್ರಾ ಅಂದೆ. ನಕ್ಕರು. "ಅದೇ ಸಾರ್, ಭಾನುವಾರ ಹೋಗಬೇಕು ಅಂತಿದ್ದೀನಿ."

ಮುಂದಿನ ಶನಿವಾರ ಎರಡನೇ ವರ್ಷದಲ್ಲಿರೋ ರೈತರನ್ನೇ ಈ ಸ್ಟುಡಿಯೋಗೆ ಕರೆಸ್ತೀವಿ. ಲಕ್ಷದ ಪಟ್ಟಿ ಓಡಿಸಬೇಡಿ ಅಂತ ನಮ್ಮ ಹುಡುಗರಿಗೆ ಹೇಳಿದ್ದೀನಿ.