ಅನ್ನ, ತೌಡು, ಬೆರಿಬೆರಿ

ಫಲವಿಲ್ಲದ ಕೆಲಸಕ್ಕೆ ತೌಡು ಕುಟ್ಟುವುದೆಂದು ನಮ್ಮ ಜನ ಹೆಸರಿಟ್ಟಿದ್ದಾರೆ. ಬತ್ತವನ್ನು ಕುಟ್ಟಿದರೆ ಅಕ್ಕಿ ದೊರೆಯುವುದು; ಅಕ್ಕಿಯನ್ನು ತೆಗೆದುಕೊಂಡ ಮೇಲೆ ಉಳಿದ ತೌಡನ್ನು ಎಷ್ಟು ಕುಟ್ಟಿದರೂ ಕೈಗೆ ಹತ್ತುವುದೇನೂ ಇಲ್ಲ, ಅದು ದನದ ಕಲಗಚ್ಚಿಗೆ ಸಲ್ಲತಕ್ಕ ವಸ್ತು ಎಂಬುದು ಈ ಮಾತಿನ ಅಭಿಪ್ರಾಯ. ಆದರೆ ಮನುಷ್ಯಮಾತ್ರರಿಗೆ ಅತ್ಯಾವಶ್ಯಕವಾದ ಒಂದು ಪದಾರ್ಥವನ್ನು ವಿಜ್ಞಾನಿಗಳು ಹೊರತೆಗೆದದ್ದು ಈ ತೌಡಿನಿಂದಲೇ. ಅದರ ಹೆಸರು ಥಯಮಿನ್. ಬಿ-1 ವಿಟಮಿನ್ ಎಂದೂ ಹೇಳುವರು. ವಿಟಮಿನ್ನುಗಳಿಗೆ ಕನ್ನಡದಲ್ಲಿ ಅನ್ನಾಂಗವೆಂದೂ ಜೀವಸತ್ವವೆಂದೂ ಹೆಸರುಂಟು. ಇಂದಿನ ವಿಷಯವು ಅನ್ನಕ್ಕೇ ಸಂಬಂಧಪಟ್ಟುದಾದ್ದರಿಂದ ನಾವು ಅನ್ನಾಂಗವೆಂಬ ಮಾತನ್ನೇ ಬಳಸುವೆವು.

ಈ ಅನ್ನಾಂಗದ ಕೊರತೆಯಿಂದ ಬರುವ ರೋಗಕ್ಕೆ ಬೆರಿಬೆರಿ ಎಂದು ಹೆಸರು. ಅದು ಮುಖ್ಯವಾಗಿ ಎರಡು ಬಗೆಯಾಗಿ ತೋರುವುದು. ಒಂದರಲ್ಲಿ ಪಾದಗಳು ಜೋಮು ಹಿಡಿದು, ಕಾಲಿನ ಸ್ನಾಯುಗಳು ಸೊರಗಿ, ಕುಕ್ಕುರುಗಾಲಿನಲ್ಲಿ ಕುಳಿತವನು ಕೈಯೂರದೆ ಏಳಲಾರದೆ ಹೋಗುವನು. ಇನ್ನೊಂದರಲ್ಲಿ ಕಾಲು ಬಾತು, ಎದೆ ಡವಗುಟ್ಟಿ, ಉಸಿರು ಕಟ್ಟಿ, ಹೃದಯವು ಸೋತು ರೋಗಿಯು ಬೇಗನೆ ಪ್ರಾಣಕ್ಕೆ ಎರವಾಗಬಹುದು. ಇದಕ್ಕೆ ಕಾರಣವೇನೆಂದರೆ, ನಾವು ಉಂಡ ಪಿಷ್ಟವೂ ಸಕ್ಕರೆಯೂ ದೇಹದಲ್ಲಿ ಉರಿದು ಶಕ್ತಿಯಾಗಬೇಕಾದರೆ ಥಯಮಿನ್ನಿನ ನೆರವು ಬೇಕು. ನರಗಳೂ ಹೃದಯವೂ ಹಗಲಿರುಳು ದುಡಿಯತಕ್ಕ ಅಂಗಗಳು. ಕೊರತೆಯ ಪೆಟ್ಟು ಅವುಗಳಿಗೇ ಮೊದಲು ತಗಲುವುದು. ಬೇಕಾದ ಪ್ರಮಾಣವಾದರೋ ದಿನಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ. ಆದರೆ ದೇಹವು ಇದನ್ನು ಕೂಡಿಟ್ಟುಕೊಳ್ಳಲಾರದು; ಎರಡು ಮೂರು ವಾರಗಳಲ್ಲಿ ಇದ್ದ ಗಂಟು ಕರಗಿ ಹೋಗುವುದು.

ಇಷ್ಟು ಸರಳವಾದ ಸಂಗತಿಯನ್ನು ಕಂಡುಹಿಡಿಯಲು ಇಷ್ಟೊಂದು ಕಾಲ ಹಿಡಿದುದೇಕೆ? ಆ ಕಾಲದ ವೈದ್ಯರ ಕಣ್ಣೆಲ್ಲ ಕ್ರಿಮಿಗಳ ಮೇಲಿದ್ದಿತು. ರೋಗವೆಂದರೆ ಹೊರಗಿನಿಂದ ಬಂದು ಸೇರುವ ಯಾವುದೋ ಶತ್ರು. ಇಲ್ಲದಿರುವ ವಸ್ತುವೊಂದು ರೋಗವನ್ನು ತರಬಲ್ಲುದೆಂಬುದು ಯಾರ ಬುದ್ಧಿಗೂ ಸುಲಭವಾಗಿ ಹೊಳೆಯುವಂತಿರಲಿಲ್ಲ. ಆಗ ಡಚ್ಚರ ವಶದಲ್ಲಿದ್ದ ಜಾವಾ ದ್ವೀಪದಲ್ಲಿ ಸೈನಿಕರೂ ಸೆರೆಯಾಳುಗಳೂ ಬೆರಿಬೆರಿಯಿಂದ ಸಾಯುತ್ತಿದ್ದುದರಿಂದ 1886ರಲ್ಲಿ ಒಂದು ವೈದ್ಯ ನಿಯೋಗವು ಅಲ್ಲಿಗೆ ಹೋಯಿತು. ಅದರೊಡನೆ ಹೋದ ಕ್ರಿಶ್ಚಿಯನ್ ಐಕ್ಮನ್ ಎಂಬ ವೈದ್ಯನು ಬರ್ಲಿನ್ನಿನಲ್ಲಿ ಕಾಖ್ ಮಹಾಶಯನ ಬಳಿ ಕ್ರಿಮಿಶಾಸ್ತ್ರವನ್ನು ಕಲಿತವನು. ಆತನೂ ಕ್ರಿಮಿಯನ್ನೇ ಹುಡುಕಿದನು. ನಿಯೋಗದವರು ಹಿಂದಿರುಗಿದ ಮೇಲೆ ಆತನು ಬಟೇವಿಯದಲ್ಲಿ, ಎಂದರೆ ಇಂದಿನ ಜಕಾರ್ತದಲ್ಲಿ, ಪ್ರಯೋಗಶಾಲೆಯ ಮುಖ್ಯಸ್ಥನಾಗಿ ನಿಂತನು.

ಅಲ್ಲಿ ಸಾಕಿದ್ದ ಕೋಳಿಗಳಿಗೆ ಒಮ್ಮೆ ಕಾಲು ಸೆಳೆದುಹೋಗಿ, ತೂರಾಡಿ ಬೀಳುವ ರೋಗ ಬಂದಿತು. ಚುಚ್ಚಿದ ಕೋಳಿಗಳಿಗೂ ಬಂದಿತು, ಚುಚ್ಚದೆ ಬೇರೆಯಾಗಿ ಇರಿಸಿದ್ದವುಗಳಿಗೂ ಬಂದಿತು. ಕೆಲವು ತಿಂಗಳಾದ ಮೇಲೆ ಅದು ತಾನೇ ತಾನಾಗಿ ವಾಸಿಯೂ ಆಯಿತು. ವಿಚಾರಿಸಲಾಗಿ ತಿಳಿದುದು ಇಷ್ಟು: ಕೋಳಿಗಳನ್ನು ನೋಡಿಕೊಳ್ಳುತ್ತಿದ್ದವನು ಕಾಸುಳಿಸುವುದಕ್ಕಾಗಿ ಸೈನ್ಯದ ಆಸ್ಪತ್ರೆಯ ಅಡುಗೆಮನೆಯಿಂದ ಮಿಕ್ಕ ಬಿಳಿಯ ಅನ್ನವನ್ನು ತಂದು ಹಾಕುತ್ತಿದ್ದನು. ಆಮೇಲೆ ಹೊಸ ಅಡುಗೆಯವನು ಬಂದನು. ಸೈನ್ಯದ ಅನ್ನವನ್ನು ಸೈನ್ಯಕ್ಕೆ ಸೇರದ ಕೋಳಿಗಳಿಗೆ ಕೊಡುವುದು ಸಲ್ಲದೆಂದು ಆತನು ನಿಲ್ಲಿಸಿಬಿಟ್ಟನು. ಕೋಳಿಗಳು ಮತ್ತೆ ತೌಡಿನೊಡನಿದ್ದ ಒರಟು ಅಕ್ಕಿಯನ್ನು ತಿಂದು ಚೇತರಿಸಿಕೊಂಡವು. ಕಾನೂನು ಬಿಡದ ಅಡುಗೆಯವರಿಂದ ಲೋಕಕ್ಕೆ ಇಷ್ಟು ಉಪಕಾರವಾದ ಸಂದರ್ಭ ಮತ್ತೊಂದನ್ನು ನಾವು ಕೇಳಿಲ್ಲ.

ಕೋಳಿಗೆ ಸತ್ಯವಾದುದು ಮನುಷ್ಯನಿಗೂ ಸತ್ಯವೇ? ಸೆರೆಮನೆಗಳಲ್ಲಿ ಎಲ್ಲರಿಗೂ ಒಂದೇ ಬಗೆಯ ಊಟವಾದ್ದರಿಂದ ಇದನ್ನು ಪರೀಕ್ಷಿಸಲು ಅವೇ ಯೋಗ್ಯ ಸ್ಥಳಗಳಾದವು. ಐಕ್ಮನ್ನನ ಮಿತ್ರನಾದ ವೊರ್ಡರ್ಮನ್ ಎಂಬ ಅಧಿಕಾರಿಯು ಜಾವಾದ 101 ಸೆರೆಮನೆಗಳ ಲೆಕ್ಕವನ್ನು 1897ರ ವೇಳೆಗೆ ಒಟ್ಟುಗೂಡಿಸಿದನು. ತೌಡು ಉಳಿದ ಅಕ್ಕಿಯನ್ನು ಉಣ್ಣುತ್ತಿದ್ದ ಕಡೆ ಹತ್ತು ಸಾವಿರ ಮಂದಿಯಲ್ಲಿ ಒಬ್ಬನಿಗೆ ಬೆರಿಬೆರಿ; ನುಣುಪು ಮಾಡಿದ ಬಿಳಿಯ ಅಕ್ಕಿಯನ್ನು ಉಣ್ಣುತ್ತಿದ್ದ ಕಡೆ 39 ಮಂದಿಯಲ್ಲಿ ಒಬ್ಬನಿಗೆ! ಇಷ್ಟಾದರೂ ಐಕ್ಮನ್ನನು, ಅನ್ನದಲ್ಲಿ ಒಂದು ವಿಷವಿದೆ, ತೌಡಿನಲ್ಲಿ ಅದಕ್ಕೆ ಪ್ರತಿವಿಷವಿದೆ ಎಂದೇ ತರ್ಕಿಸಿದನು. ಶತ್ರುವಿಲ್ಲದೆ ರೋಗವಿಲ್ಲವೆಂಬ ನಂಬಿಕೆ ಅಷ್ಟು ಬಲವಾಗಿದ್ದಿತು. ವಿಷವೂ ಇಲ್ಲ, ಪ್ರತಿವಿಷವೂ ಇಲ್ಲ, ನರಗಳಿಗೆ ಬೇಕಾದ ಯಾವುದೋ ಒಂದು ವಸ್ತು ಬಿಳಿಯಕ್ಕಿಯಲ್ಲಿ ಇಲ್ಲ ಎಂದು 1901ರಲ್ಲಿ ಹೇಳಿದವನು ಆತನ ಸ್ಥಾನಕ್ಕೆ ಬಂದ ಗ್ರೈನ್ಸ್. 1929ರಲ್ಲಿ ನೊಬೆಲ್ ಪಾರಿತೋಷಕವು ಐಕ್ಮನ್ನನಿಗೂ ಇಂಗ್ಲೆಂಡಿನ ಹಾಪ್ಕಿನ್ಸನಿಗೂ ಸಂದಿತು, ಗ್ರೈನ್ಸನಿಗೆ ಸಲ್ಲಲಿಲ್ಲ. ಇದು ನ್ಯಾಯವೆಂದು ನಮಗೆ ತೋರುವುದಿಲ್ಲ.

ಮುಂದಿನದನ್ನು ಬೇಗನೆ ಹೇಳಿಬಿಡಬಹುದು. 1912ರಲ್ಲಿ ಫುಂಕ್ ಎಂಬಾತನು ವಿಟಮಿನ್ ಎಂಬ ಹೆಸರನ್ನು ಕೊಟ್ಟನು. 1926ರಲ್ಲಿ ಜಾವಾದಲ್ಲೇ ಯಾನ್ಸೆನ್ ಮತ್ತು ಡೊನಾಟ್ ಎಂಬುವರು ರಾಶಿ ರಾಶಿ ತೌಡಿನಿಂದ ಒಂದು ಚಿಟಿಕೆಯಷ್ಟು ಹರಳನ್ನು ಬೇರ್ಪಡಿಸಿದರು. 1936ರಲ್ಲಿ ಅಮೆರಿಕದ ವಿಲಿಯಮ್ಸನು ಅದನ್ನು ಕೃತಕವಾಗಿ ತಯಾರಿಸಿದನು.

ನಮ್ಮ ದೇಶದಲ್ಲಿ ಈ ರೋಗವು ನೆಲೆಸಿದ್ದುದು ಮುಖ್ಯವಾಗಿ ಆಂಧ್ರದ ಉತ್ತರ ಸರ್ಕಾರು ಸೀಮೆಗಳಲ್ಲಿ. ಅಲ್ಲಿಯವರು ಬತ್ತವನ್ನು ಬೇಯಿಸದೆ ಗಿರಣಿಯಲ್ಲಿ ಬೆಳ್ಳಗೆ ಮಾಡಿಸಿದ ಅಕ್ಕಿಯನ್ನು ಉಣ್ಣುತ್ತಿದ್ದರು. ಮಲಬಾರಿನವರೂ ಬಂಗಾಳದವರೂ ಅನ್ನವನ್ನೇ ನಂಬಿದ್ದರೂ ಅವರಲ್ಲಿ ಇದು ವಿರಳ. ಅವರದು ಕುಚ್ಚಲಕ್ಕಿ, ಮೈಸೂರು ಸೀಮೆಯಲ್ಲಿ ಕುಸುಬಲಕ್ಕಿ ಎನ್ನುವರು. ಬತ್ತವನ್ನು ನೆನೆಯಿಟ್ಟು ಹಬೆಯಲ್ಲಿ ಬೇಯಿಸುವಾಗ ತೌಡಿನಲ್ಲಿರುವ ಥಯಮಿನ್ ನೀರಿನೊಡನೆ ಕಾಳಿನ ಒಳಗಿಳಿಯುವುದು. ಪಿಷ್ಟವು ಅಂಟಾಗಿ ಅದನ್ನು ಅಲ್ಲಿಯೇ ಹಿಡಿದಿಡುವುದು. ಆಮೇಲೆ ಗಿರಣಿಯವನು ತೌಡನ್ನು ಎಷ್ಟು ತೆಗೆದರೂ ಸಾರವೆಲ್ಲ ಅದರೊಡನೆ ಹೋಗುವುದಿಲ್ಲ. ನೂರು ಗ್ರಾಂ ಬಿಳಿಯ ಬೆಳ್ತಿಗೆ ಅಕ್ಕಿಯಲ್ಲಿ ಸುಮಾರು 0.06 ಮಿಲಿಗ್ರಾಂ ಥಯಮಿನ್ ಇದ್ದರೆ, ಗಿರಣಿಯ ಕುಚ್ಚಲಕ್ಕಿಯಲ್ಲಿ ಸುಮಾರು 0.2 ಮಿಲಿಗ್ರಾಂ, ರಾಗಿಯಲ್ಲಿ 0.4 ಮಿಲಿಗ್ರಾಂ ಉಂಟು. ನಮ್ಮ ಕರಾವಳಿಯ ಅಜ್ಜಿಯರಿಗೆ ಥಯಮಿನ್ನಿನ ಹೆಸರು ತಿಳಿದಿರಲಿಲ್ಲ. ಹಂಡೆಯಲ್ಲಿ ಬತ್ತ ಬೇಯಿಸಿ ಅಂಗಳದಲ್ಲಿ ಒಣಗಿಸುವುದು ತಿಳಿದಿದ್ದಿತು.

ಇದೆಲ್ಲ ಕಳೆದ ಕಾಲದ ಕಥೆಯೆಂದು ಕೇಳುವವರು ಭಾವಿಸಬಾರದು. ಬೆಂಗಳೂರಿನ ಹೃದ್ರೋಗ ವೈದ್ಯರು 2021ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ಓದಿ ನಮಗೆ ವ್ಯಥೆಯಾಯಿತು. ಎದೆಹಾಲನ್ನು ಮಾತ್ರ ಕುಡಿಯುತ್ತಿದ್ದ, ತೂಕದಲ್ಲಿ ಕುಂದಿಲ್ಲದ ಎಳೆಯ ಶಿಶುಗಳು ಇದ್ದಕ್ಕಿದ್ದಂತೆ ಏದುಸಿರು ಬಿಡುತ್ತ ಆಸ್ಪತ್ರೆಗೆ ಬಂದವು. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವು ವಿಪರೀತವಾಗಿ ಏರಿ ಹೃದಯದ ಬಲಭಾಗವು ಹಿಗ್ಗಿದ್ದಿತು. ಥಯಮಿನ್ ಚುಚ್ಚುಮದ್ದನ್ನು ಕೊಟ್ಟೊಡನೆ ಶಿಶುಗಳು ಚೇತರಿಸಿಕೊಂಡವು. ತಾಯಂದಿರು ಬಿಳಿಯಕ್ಕಿಯ ಅನ್ನವನ್ನು ಉಂಡು ಬಾಣಂತಿಪಥ್ಯ ಹಿಡಿದವರು.

ಆ ಪಥ್ಯವನ್ನು ನಾವೆಲ್ಲರೂ ಬಲ್ಲೆವು. ಬೇಳೆ ವಾಯು, ಸೊಪ್ಪು ಶೀತ, ಬದನೆ ನಂಜು, ಕಡಲೆಕಾಯಿ ಪಿತ್ತ. ಉಳಿದದ್ದು ಬಿಳಿಯ ಅನ್ನ, ತುಪ್ಪ, ಮೆಣಸಿನ ಸಾರು. ಅದರಲ್ಲಿಯೂ ಅಕ್ಕಿಯನ್ನು ನಾಲ್ಕು ನೀರಿನಲ್ಲಿ ತೊಳೆದು, ಬಸಿದ ಗಂಜಿಯನ್ನು ಚೆಲ್ಲಿದ್ದಾಗಿರುತ್ತದೆ. ಥಯಮಿನ್ ನೀರಿನಲ್ಲಿ ಕರಗತಕ್ಕುದು. ಇದ್ದಷ್ಟೂ ಬಚ್ಚಲಿಗೆ ಹೋಯಿತು. ಮಾಡುವವರ ಮನಸ್ಸಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇಲ್ಲ. ತಾಯಿಯು ನೋಡುವುದಕ್ಕೆ ಚೆನ್ನಾಗಿಯೇ ಇರುತ್ತಾಳೆ, ಹೆಚ್ಚೆಂದರೆ ಕಾಲು ಜುಮ್ಮೆನ್ನುತ್ತದೆ ಎಂದಾಳು. ಹಾಲು ಹೇರಳವಾಗಿರುತ್ತದೆ, ಹಾಲಿನಲ್ಲಿ ಅನ್ನಾಂಗ ಮಾತ್ರ ಇರುವುದಿಲ್ಲ.

ಮನೆಯಲ್ಲಿ ಬಾಣಂತಿಯಿರುವ ಹಿರಿಯರಲ್ಲಿ ನಾವು ಕೇಳಿಕೊಳ್ಳುವುದು ಇಷ್ಟೆ. ಪಥ್ಯದ ಎಲೆಗೆ ತೊಗರಿಬೇಳೆಯ ಕಟ್ಟು, ಹುರುಳಿಸಾರು, ರಾಗಿಗಂಜಿ, ಬೇಯಿಸಿದ ಸೊಪ್ಪು ಬರಲಿ. ಕುಚ್ಚಲಕ್ಕಿ ಸಿಕ್ಕುವಲ್ಲಿ ಅದೇ ಇರಲಿ. ಅಕ್ಕಿಯನ್ನು ಒಮ್ಮೆ ತೊಳೆದರೆ ಸಾಕು. ಎರಡು ನಾಲ್ಕು ತಿಂಗಳ ಕೂಸು ಹಾಲನ್ನು ಕಕ್ಕಿ, ಏದುಸಿರು ಬಿಡುತ್ತಿದ್ದರೆ, ಅಥವಾ ಬಾಯಿ ತೆರೆದು ಅಳುತ್ತಿದ್ದರೂ ಧ್ವನಿ ಹೊರಡದೆ ಹೋದರೆ, ದೃಷ್ಟಿ ತೆಗೆಯುತ್ತ ಕುಳಿತುಕೊಳ್ಳದೆ ಆ ಗಳಿಗೆಯಲ್ಲೇ ವೈದ್ಯರಲ್ಲಿಗೆ ಒಯ್ಯಬೇಕು, ತಾಯಿ ಏನೇನು ಉಣ್ಣುತ್ತಿದ್ದಾಳೆಂಬುದನ್ನು ಅವರಿಗೆ ಮುಚ್ಚದೆ ಹೇಳಬೇಕು. ಇಂತಹ ಕೂಸಿನ ಉಸಿರು ಮದ್ದು ಬಿದ್ದ ಕೆಲವು ಗಂಟೆಗಳಲ್ಲೇ ತಿಳಿಯಾಗುವುದುಂಟು. ಧ್ವನಿ ಮರಳಲು ಇನ್ನೂ ಕೆಲವು ದಿನ ಹಿಡಿದೀತು. ಎದೆಹಾಲನ್ನು ಬಿಡಿಸಬೇಕಾದುದಿಲ್ಲ. ಕೂಸಿಗೆ ಕೊಟ್ಟ ಅನ್ನಾಂಗವನ್ನು ತಾಯಿಗೂ ಕೊಡುವರು.